ಎಮ್ಮೆಕರುವಿನ ಕೊರಳ ಗಂಟೆ

ನಮ್ಮ ಶಾಲೆಯ ಕಿಟಕಿಗಳಿಗೆ ಗಾಜು ಇರಲಿಲ್ಲ. ಹಳೆಯ ಕಾಲದ ಗೋವೆಯ ಮನೆಗಳಲ್ಲಿರುವಂತೆ, ಸಮುದ್ರದ ಚಿಪ್ಪನ್ನು ತೆಳ್ಳಗೆ ಚೌಕವಾಗಿ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂರಿಸಿದ್ದರು. ಹೊರಗೆ ಬಿಸಿಲು ಎಷ್ಟೇ ಉರಿಯುತ್ತಿರಲಿ, ಆ ಚಿಪ್ಪು ದಾಟಿ ಒಳಗೆ ಬರುವಷ್ಟರಲ್ಲಿ ಹಾಲು ಬೆರೆಸಿದ ನೀರಿನ ಹಾಗೆ ತಣ್ಣಗಾಗಿ ಹೋಗುತ್ತಿತ್ತು. ಆ ಬೆಳಕಿನಲ್ಲಿ ಕೂತು ಮಕ್ಕಳು ಪಾಟಿಯ ಮೇಲೆ ಅ ಆ ಇ ಈ ತಿದ್ದುತ್ತಿದ್ದರು. ಈಗಲೂ ಕಣ್ಣು ಮುಚ್ಚಿ ‘ಅ’ ಎಂದುಕೊಂಡರೆ ನನಗೆ ಅದು ಸ್ವಲ್ಪ ಮಬ್ಬಾಗಿ, ಅಂಚು ಕರಗಿದಂತೆಯೇ ಕಾಣುತ್ತದೆ. ಮನೆಯವರಿಗೆ ಹೇಳಿದರೆ ಕನ್ನಡಕ ಬದಲಿಸು ಅನ್ನುತ್ತಾರೆ. ಅವರಿಗೇನು ಗೊತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವಷ್ಟೆ. ಪರ್ವರಿ ಆಗಿನ್ನೂ ಊರಾಗುವ ಗಡಿಬಿಡಿಯಲ್ಲಿತ್ತು. ಪಣಜಿಯ ಸೇತುವೆ ದಾಟಿ ಗುಡ್ಡ ಹತ್ತಿದರೆ ಒಂದು ಕಡೆ ಗೇರುಮರ, ಇನ್ನೊಂದು ಕಡೆ ಕೆಂಪು ಕಲ್ಲಿನ ರಾಶಿ. ಇವತ್ತು ಗೇರುಮರ ಇದ್ದಲ್ಲಿ ನಾಳೆ ಪಾಯ ತೋಡಿರುತ್ತಿದ್ದರು. ನನ್ನ ಗಂಡನ ಮನೆಯವರು ಬೆಳಗಾವಿ ಕಡೆಯಿಂದ ಬಂದು ಅಲ್ಲಿ ಬಟ್ಟೆ ಅಂಗಡಿ ಇಟ್ಟವರು. ನಾನು ಧಾರವಾಡದವಳು. ಊರಿನ ಕನ್ನಡದವರು ಕೆಲವರು ಸೇರಿ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದು ಒಂದನೆಯ ಮತ್ತು ಎರಡನೆಯ ಇಯತ್ತೆ ಶುರುಮಾಡಿದಾಗ, ನನ್ನನ್ನು ಮುಂದೆ ತಳ್ಳಿದವರು ನಮ್ಮ ಅತ್ತೆ. ‘ಇಕಿ ಅಂಗಡ್ಯಾಗ ಕುಂತ್ರ ಗಿರಾಕಿ ಜೋಡಿ ಜಗಳಾ ತಗೀತಾಳ. ಸಾಲ್ಯಾಗ ಕುಂತ್ರ ಆ ಬಾಯಿ ಕೆಲಸಕ್ಕರ ಬರ್ತೈತಿ’ ಎಂದರು. ಮಾತು ಸುಳ್ಳಲ್ಲ. ಎರಡು ಇಯತ್ತೆಗೂ ಒಂದೇ ಕೋಣೆ, ನಾನೊಬ್ಬಳೇ ಅಕ್ಕೋರು. ನಮ್ಮ ಕಡೆಯ ಮಕ್ಕಳಿಗೆ ಕಲಿಸುವ ಹೆಂಗಸು ಯಾರೇ ಆದರೂ ಅಕ್ಕೋರೇ.

ಆ ಕೋಣೆಯಲ್ಲಿ ವರ್ಷ ಎರಡು ಸಲ ಹುಟ್ಟುತ್ತಿತ್ತು. ಜೂನ್ ತಿಂಗಳ ಮಳೆಯಲ್ಲಿ ಹೊಸ ರೇನ್‌ಕೋಟು ಹಾಕಿಕೊಂಡು ಅಂಗಡಿಯವರ ಮಕ್ಕಳು ಬರುತ್ತಿದ್ದರು. ಕಟ್ಟಡ ಕೆಲಸದವರ ಮಕ್ಕಳು ಆಗ ಇರುತ್ತಿರಲಿಲ್ಲ. ಮಳೆ ಶುರುವಾದರೆ ಗೋವೆಯಲ್ಲಿ ಕಟ್ಟಡದ ಕೆಲಸ ನಿಲ್ಲುತ್ತದೆ. ಗೌಂಡಿಗಳು, ಸಿಮೆಂಟು ಬುಟ್ಟಿ ಹೊರುವವರು, ಎಲ್ಲರೂ ಮಕ್ಕಳು ಮರಿ ಕಟ್ಟಿಕೊಂಡು ವಿಜಾಪುರ, ಬಾಗಲಕೋಟೆ ಕಡೆಯ ತಮ್ಮ ಹಳ್ಳಿಗಳಿಗೆ ಬಿತ್ತಿಗೆಗೆ ಹೊರಟುಬಿಡುತ್ತಿದ್ದರು. ತಿರುಗಿ ಬರುವುದು ದೀಪಾವಳಿ ಮುಗಿದ ಮೇಲೆ. ಆಗ ಕೋಣೆ ತುಂಬುತ್ತಿತ್ತು. ನಾನು ಹಲಗೆ ಒರೆಸಿ ಮತ್ತೆ ‘ಅ’ ಬರೆಯುತ್ತಿದ್ದೆ. ಅಂಗಡಿಯ ಮಕ್ಕಳು ಗತ್ತಿನಿಂದ, ‘ಅಕ್ಕೋರ, ಇದ ಆಗೇತಲ್ರಿ’ ಅನ್ನುತ್ತಿದ್ದವು. ‘ಆಗೇತಿ, ಮತ್ತ ಆಗ್ತೈತಿ. ಮುಂಜಾನಿ ಉಂಡೀರಿ ಅಂತ ಸಂಜೀಕ ಉಪವಾಸ ಇರ್ತೀರೇನು?’ ಎಂದು ಗದರಿದರೆ ಸುಮ್ಮನಾಗುತ್ತಿದ್ದವು.

ಕಲಿಯುವುದು ಎಂದರೆ ಏನೆಂದು ನನಗೆ ಅಲ್ಲಿಯೇ ಸ್ವಲ್ಪ ತಿಳಿದದ್ದು, ಅದೂ ಮಧ್ಯಾಹ್ನದ ಹೊತ್ತಿನಲ್ಲಿ. ಬೆಳಿಗ್ಗೆ ಮಕ್ಕಳು ಬಾಯಿಯಿಂದ ಕಲಿಯುತ್ತವೆ, ಜೋರಾಗಿ, ಒಂದರ ಮೇಲೊಂದು ಬಿದ್ದು. ಉಂಡ ಮೇಲೆ ಅವು ಕಲಿಯುವುದು ಮೈಯಿಂದ. ಬಾಯಲ್ಲಿ ಎರಡರ ಮಗ್ಗಿ ನಡೆದಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ಕೆಂಪು ಗಾರೆಯ ನೆಲದ ತಂಪು ತೊಡೆಗೆ ಹತ್ತುತ್ತಿರುತ್ತದೆ. ಹೊರಗೆ ಸೈಕಲ್ಲಿನ ಮೇಲೆ ಪಾವು, ಅಂದರೆ ಗೋವೆಯ ಬ್ರೆಡ್ಡು, ಮಾರುವವನು ರಬ್ಬರಿನ ಹಾರ್ನು ಒತ್ತುತ್ತ ಹೋಗುತ್ತಾನೆ. ಎರಡೆಂಟ್ಲೆ ಹದಿನಾರು, ಪೋಂ ಪೋಂ, ಎರಡೊಂಬತ್ಲೆ ಹದಿನೆಂಟು. ಎಷ್ಟೋ ಮಕ್ಕಳು ಆ ಹಾರ್ನನ್ನು ಮಗ್ಗಿಯ ಒಂದು ಭಾಗವೆಂದೇ ತಿಳಿದಿದ್ದವು. ನಾನೂ ತಿದ್ದಲಿಲ್ಲ. ಚೀಲವನ್ನು ತಲೆದಿಂಬು ಮಾಡಿ ಒರಗಿದವರನ್ನು ಎಬ್ಬಿಸಲೂ ಇಲ್ಲ.

ಆದರೆ ಒಂದು ತೊಂದರೆ ಇತ್ತು. ಉಣ್ಣಲೆಂದು ಬಿಟ್ಟರೆ ಅರ್ಧ ಕೋಣೆ ತಿರುಗಿ ಬರುತ್ತಿರಲಿಲ್ಲ. ಒಬ್ಬರಿಗೆ ತಮ್ಮನನ್ನು ಆಡಿಸುವುದಿರುತ್ತಿತ್ತು, ಇನ್ನೊಬ್ಬರಿಗೆ ಗೇರುಹಣ್ಣು ಕರೆಯುತ್ತಿತ್ತು. ಬೈದು ನೋಡಿದೆ. ಬೈಗುಳಕ್ಕೆ ಬಗ್ಗುವ ಮಕ್ಕಳಾಗಿರಲಿಲ್ಲ ಅವು. ಕೊನೆಗೆ ಆಸೆ ಹಚ್ಚಿದೆ. ಒಂದು ಕತೆ ಕಟ್ಟಿ, ಜೂನಿನ ಮೊದಲ ದಿನ ಶುರುಮಾಡಿ, ದಿನಕ್ಕೊಂದು ಚೂರು ಹೇಳುತ್ತ, ಏಪ್ರಿಲ್‌ನ ಕೊನೆಯ ದಿನ ಮುಗಿಸುತ್ತಿದ್ದೆ. ಪ್ರತಿ ವರ್ಷ ಅದೇ ಕತೆ. ಚೂರು ಮುಗಿಸುವುದು ಮಾತ್ರ ಸರಿಯಾಗಿ ಕುತ್ತಿಗೆ ಉದ್ದ ಮಾಡುವಂಥ ಜಾಗದಲ್ಲಿ. ‘ಉಳಿದದ್ದು?’ ಎಂದು ನಾನು ಕೇಳುವುದು, ‘ನಾಳಿ ಬರ್ತೇವ್ರಿ!’ ಎಂದು ಎಲ್ಲರೂ ಕೂಗುವುದು. ಬರುತ್ತಲೂ ಇದ್ದವು, ಕಳ್ಳರು.

ಕತೆ ಒಂದು ಎಮ್ಮೆಕರುವಿನದು. ಕರುವಿನ ಕೊರಳಲ್ಲಿ ಒಂದು ಗಂಟೆ ಇದೆ. ಆದರೆ ಗಂಟೆ ಅದರದಲ್ಲ. ಇದು ಯಾರದು ಎಂದು ಕೇಳುತ್ತ ಕರು ಊರೂರು ತಿರುಗುತ್ತದೆ. ಬಾವಿಯನ್ನು ಕೇಳುತ್ತದೆ, ಗಾಣವನ್ನು ಕೇಳುತ್ತದೆ, ಸಂತೆಗೆ ಹೊರಟ ಮುದುಕಿಯನ್ನು ಕೇಳುತ್ತದೆ, ಯಾರೂ ನನ್ನದು ಅನ್ನುವುದಿಲ್ಲ. ಕೊನೆಯಲ್ಲಿ ಗಂಟೆಯ ಒಡೆಯರು ಸಿಗುತ್ತಾರೆ. ಯಾರೆಂದು ಇಲ್ಲಿ ಹೇಳುವುದಿಲ್ಲ. ಆ ಮಕ್ಕಳು ಇಡೀ ವರ್ಷ ಕಾದು ಸಂಪಾದಿಸಿದ್ದನ್ನು ಪುಕ್ಕಟೆ ಕೊಡುವ ಮನಸ್ಸು ನನಗಿಲ್ಲ.

ಕಟ್ಟಡದ ಮಕ್ಕಳಲ್ಲಿ ಒಬ್ಬ ಹುಡುಗಿ ಇದ್ದಳು. ಎಣ್ಣೆ ಕಾಣದ ಕೆಂಚು ಕೂದಲು, ಅದಕ್ಕೆ ಬಲು ಅಚ್ಚುಕಟ್ಟಾಗಿ ಕಟ್ಟಿದ ಹಸಿರು ರಿಬ್ಬನ್ನು. ಅಪ್ಪ ಗೌಂಡಿ, ಅವ್ವ ಬುಟ್ಟಿ ಹೊರುವವಳು. ತಾವು ಕಟ್ಟುತ್ತಿರುವ ಮನೆಯ ಕೆಳಗಿನ ಕೋಣೆಯಲ್ಲೇ ಅವರ ವಾಸ, ಆ ಮನೆಗೆ ಬಾಗಿಲು ಕೂರಿಸುವವರೆಗೆ. ಬಾಗಿಲು ಬಂತೆಂದರೆ ಅವರು ಬಾಗಿಲಿಲ್ಲದ ಇನ್ನೊಂದು ಮನೆಗೆ ಹೋಗಬೇಕು. ಅವಳು ಮೊದಲನೆಯ ದೀಪಾವಳಿಗೆ ಬಂದಾಗ ಬಳಪ ಹಿಡಿಯಲು ಬರುತ್ತಿರಲಿಲ್ಲ. ಮುಂದಿನ ದೀಪಾವಳಿಗೆ ಬಂದಾಗ ಓದಿ ಮುಗಿಸಲು ಪುಸ್ತಕ ಸಾಲುತ್ತಿರಲಿಲ್ಲ. ಅವಳು ಯಾವ ಇಯತ್ತೆಯವಳೆಂದು ಅವಳಿಗೂ ಖಚಿತವಿರಲಿಲ್ಲ, ನನಗೂ ಇರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವಳು ಬಡವಿ. ಅವಳು ಬರುವಷ್ಟರಲ್ಲಿ ಕರುವಿನ ಕೊರಳಿಗೆ ಗಂಟೆ ಬಂದು ಬಹಳ ದಿನವಾಗಿರುತ್ತಿತ್ತು.

‘ಆ ಗಂಟಿ ಅದಕ್ಕ ಎಲ್ಲಿ ಸಿಕ್ತು?’ ಎಂದು ಅವಳು ಪಕ್ಕದವರನ್ನು ಕೇಳುತ್ತಿದ್ದಳು.

‘ಅದು ಮೊದಲ ಆಗೇತಿ’ ಎಂದು ಅಂಗಡಿಯ ಮಕ್ಕಳು ಮೂಗು ಮೇಲೆ ಮಾಡುತ್ತಿದ್ದವು. ‘ನೀ ಬಂದಿದ್ದಿಲ್ಲ. ಅವತ್ತ ಹಂಚಿನ ಮ್ಯಾಲ ಎಂಥಾ ಮಳಿ ಅಂತೀ, ಅಕ್ಕೋರ ಮಾತ ಕೇಳಂಗಿಲ್ಲ. ಎಲ್ಲಾರೂ ಅಕ್ಕೋರ ಸೀರಿ ಹಿಡಕೊಂಡು ಮೊಳಕಾಲಿಗೆ ಮೊಳಕಾಲು ಹಚ್ಚಿ ಕುಂತಿದ್ವಿ.’

ನನಗೆ ಪಾಪ ಅನ್ನಿಸಿತು. ಒಂದು ಮಧ್ಯಾಹ್ನ ಅವಳನ್ನು ಹತ್ತಿರ ಕರೆದು, ‘ಬಾರವ್ವಿ, ಮೊದಲಿಂದು ನಾಲ್ಕ ಮಾತಿನ್ಯಾಗ ಹೇಳಿಬಿಡ್ತೇನಿ’ ಎಂದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

‘ಬ್ಯಾಡ್ರಿ ಅಕ್ಕೋರ. ಮಳಿಯಾಗ ಹೇಳ್ರಿ. ಎಲ್ಲಾರೂ ಕೂಡಿ ಕುಂತಾಗ.’

‘ಮಳಿಯಾಗ ನೀ ಎಲ್ಲಿರ್ತೀ?’ ಎಂದೆ, ಸ್ವಲ್ಪ ಸಿಟ್ಟಿನಿಂದಲೇ. ನಾನಾಗಿ ಕೊಟ್ಟರೆ ಬೇಡ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

‘ಬರ್ತೇನ್ರಿ. ಸಾಲಿ ಚಾಲೂ ಆಗೂ ದಿನಾನ ಬರ್ತೇನಿ’ ಎಂದಳು, ಹಳ್ಳಿಯೂ ಬಿತ್ತಿಗೆಯೂ ತನ್ನ ಕಿಸೆಯಲ್ಲಿರುವಂತೆ.

ಅಂದಿನಿಂದ ಅವಳಿಗೆ ಅದೊಂದೇ ಹಟ. ಬಿಸಿಲು ಬಲಿಯಿತು, ಗೇರುಹಣ್ಣಿನ ವಾಸನೆ ಕೋಣೆಯೊಳಗೆ ಬಂದು ಕೂತಿತು. ಎಲ್ಲರೂ ಮೇ ತಿಂಗಳ ರಜೆಗೆ ಕಾಯುತ್ತಿದ್ದರೆ ಅವಳು ಜೂನಿಗೆ ಕಾಯುತ್ತಿದ್ದಳು. ಪಾಟಿಯ ಮೇಲೆ ಚಿತ್ರ ಬರೆಯಿರಿ ಎಂದರೆ ಬರೀ ಓರೆ ಗೆರೆ ಎಳೆಯುತ್ತಿದ್ದಳು. ಏನಿದು ಎಂದರೆ ಮಳೆ. ಏಪ್ರಿಲ್‌ನ ಕೊನೆಯ ದಿನ ಗಂಟೆಯ ಒಡೆಯರು ಸಿಕ್ಕು ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಓಡಿದರು. ಅವಳು ನಿಂತೇ ಇದ್ದಳು. ‘ಅಕ್ಕೋರ, ನಮ್ಮವ್ವಗ ನೀವ ಒಂದ ಮಾತ ಹೇಳ್ರಿ’ ಎಂದಳು. ಹೇಳುವ ಮುನ್ನವೇ ಕಣ್ಣು ತುಂಬಿತ್ತು.

ಸಂಜೆ ಹೋದೆ. ಎರಡು ಮಾಳಿಗೆ ಎದ್ದಿದ್ದ ಮನೆ, ಮೇಲೆ ಕಬ್ಬಿಣದ ಸರಳುಗಳು ಆಕಾಶಕ್ಕೆ ಚಾಚಿದ್ದವು. ಕೆಳಗಿನ ಕೋಣೆಯಲ್ಲಿ ಮೂರು ಕಲ್ಲಿನ ಒಲೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎದ್ದು ನಿಂತು, ಕೈ ಒರೆಸಿಕೊಂಡು, ಸಿಮೆಂಟಿನ ಖಾಲಿ ಚೀಲ ಮಡಚಿ ನನಗೆ ಕೂರಲು ಹಾಸಿದಳು.

‘ಬರ್ರಿ ಅಕ್ಕೋರ. ಏನ ಮಾಡ್ಯಾಳ್ರಿ ಇಕಿ?’

‘ಏನೂ ಮಾಡಿಲ್ಲವಾ. ಸಾಲಿ ಚಾಲೂ ಆಗೂ ದಿನಾ ಇರಬೇಕಂತಾಳ.’

‘ಗೊತ್ತೈತ್ರಿ. ಏನೋ ಕತಿ ಅಂತಲ್ರಿ ಅದು. ನನಗೂ ಒಂದೀಟ ಹೇಳ ಅಂದ್ರ, ಮೊದಲ ಗೊತ್ತಿಲ್ಲದ ಹೆಂಗ ಹೇಳ್ಲಿ ಅಂತಾಳ. ಒಂದ ಅಕ್ಷರ ಬಾಯಿ ಬಿಡವಲ್ಲಳು.’ ಅವಳು ರೊಟ್ಟಿ ತಿರುವಿ ಹಾಕಿ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. ‘ಮಳಿಗಾಲಕ್ಕ ಹೆಂಗ ಇರೂದ್ರಿ? ಒಂದ ಮನಿಯವ್ರನ್ನ ಕಟ್ಟಡಾ ಕಾಯಾಕ ಇಡ್ತಾರ ಖರೆ. ಯಾರೂ ಒಪ್ಪಂಗಿಲ್ರಿ. ಹೊರಗ ನೀರು, ಒಳಗ ಕತ್ತಲಿ, ಮಾತಾಡಾಕ ಒಂದ ಮನಶ್ಯಾ ಇರಂಗಿಲ್ಲ.’

ನನ್ನ ಬಾಯಿ ಸುಮ್ಮನಿರಬೇಕಲ್ಲ. ಬಿತ್ತಿಗೆಗೆ ಗಂಡ ಇದ್ದಾನೆ, ಮಾವ ಇದ್ದಾನೆ, ಹುಡುಗಿ ಇಷ್ಟು ಜಾಣೆ, ವರ್ಷವಿಡೀ ಒಂದು ಸಲವಾದರೂ ಶಾಲೆಯಲ್ಲಿರಬೇಡವೇ ಎಂದು ಶುರುಮಾಡಿದೆ. ಹಲಗೆಯ ಮುಂದೆ ನಿಂತಂತೆಯೇ ಮಾತಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

‘ಬಿತ್ತಿಗಿ ಅವರು ನೋಡಕೋತಾರ್ರಿ. ಪಂಚಮಿ?’ ಎಂದಳು. ‘ವರ್ಸಕ್ಕ ಒಮ್ಮೆ ನಮ್ಮಣ್ಣ ಕರಿಯಾಕ ಬರ್ತಾನ. ಅಲ್ಲಿ ಹ್ವಾದ್ರ ನಾನು ಬುಟ್ಟಿ ಹೊರೂದಿಲ್ರಿ. ಜೋಕಾಲಿ ಆಡ್ತೇನಿ, ಉಂಡಿ ತಿಂತೇನಿ, ನಮ್ಮವ್ವ ತಲಿಗೆ ಎಣ್ಣಿ ಹಚ್ತಾಳ. ನೀವು ಪಂಚಮಿಗೆ ತವರಮನಿಗೆ ಹೋಗಂಗಿಲ್ಲೇನ್ರಿ ಅಕ್ಕೋರ?’

ನಾನು ಹೋಗುತ್ತೇನೆ. ನಾಗರ ಪಂಚಮಿಗೆ ಶಾಲೆಗೆ ರಜೆ ಹಾಕಿ, ಅಂಗಡಿ, ಅತ್ತೆ, ಗಂಡ ಎಲ್ಲವನ್ನೂ ಬಿಟ್ಟು ಧಾರವಾಡದ ಬಸ್ಸು ಹತ್ತುತ್ತೇನೆ. ಯಾರಾದರೂ ತಡೆದರೆ ಮನೆ ಎರಡು ಮಾಡಿಬಿಡುತ್ತೇನೆ. ಶೇಂಗಾ ಚಟ್ನಿ ಹಾಕಿ ಕೊಟ್ಟ ಬಿಸಿ ರೊಟ್ಟಿ ತಿಂದು ಎದ್ದೆ. ಹುಡುಗಿ ಅರ್ಧ ಕಟ್ಟಿದ ಮೆಟ್ಟಿಲ ಮೇಲೆ ಕೂತು ನಮ್ಮಿಬ್ಬರ ಮುಖವನ್ನೂ ಓದುತ್ತಿದ್ದಳು. ನನ್ನ ಮುಖದಲ್ಲಿ ಏನು ಬರೆದಿತ್ತೋ, ಅವಳು ಎದ್ದು ಒಳಗೆ ಹೋದಳು.

ಮೇ ತಿಂಗಳು ಧಾರವಾಡದಲ್ಲಿ ಕಳೆಯಿತು. ಮಾವಿನಹಣ್ಣು ತಿಂದೆ, ಮದುವೆಗಳಿಗೆ ಹೋದೆ. ಆದರೂ ಮಧ್ಯಾಹ್ನ ಕಣ್ಣು ಹತ್ತಿದಾಗ ಆ ಚಿಪ್ಪಿನ ಬೆಳಕು ಬರುತ್ತಿತ್ತು. ಅದರಲ್ಲಿ ಯಾರೂ ಇಲ್ಲದ ಕೋಣೆ, ಗೋಡೆಗೆ ಒರಗಿಸಿಟ್ಟ ಒಂದು ಪಾಟಿ, ಪಾಟಿಯ ತುಂಬ ಓರೆ ಗೆರೆ. ಒಂದು ಮಗುವಿನ ಇಷ್ಟು ಸಣ್ಣ ಆಸೆ ನನಗೇಕೆ ಇಷ್ಟು ದೊಡ್ಡದಾಗಿ ಕಾಡುತ್ತಿದೆ ಎಂದು ನನ್ನ ಮೇಲೇ ರೇಗಿಕೊಳ್ಳುತ್ತಿದ್ದೆ.

ಶಾಲೆ ತೆರೆದ ದಿನ ಬೆಳಗಿನಿಂದಲೇ ಮಳೆ. ಗೋವೆಯ ಮಳೆಗೆ ಮುನ್ನುಡಿ ಇರುವುದಿಲ್ಲ, ಬಂತೆಂದರೆ ಬಂತು. ಚಿಪ್ಪಿನ ಕಿಟಕಿಗಳು ಬೂದು ಬಣ್ಣಕ್ಕೆ ತಿರುಗಿದವು, ಕೋಣೆ ನೀರಿನ ಕೆಳಗಿದ್ದಂತೆ ಆಯಿತು. ಅಂಗಡಿಯ ಮಕ್ಕಳು ಬಂದವು. ಹೊಸಬರು ಅತ್ತರು, ಹಳಬರು ಅವರಿಗೆ ಧೈರ್ಯ ಹೇಳಿ ತಾವೂ ಅತ್ತರು. ಹಲಗೆಯ ಮೇಲೆ ‘ಅ’ ಬರೆದೆ. ಬಾಗಿಲು ನೋಡಿದೆ. ‘ಆ’ ಬರೆದೆ. ಬಾಗಿಲು ನೋಡಿದೆ. ಊಟವಾಯಿತು.

‘ಅಕ್ಕೋರ, ಕತಿ!’ ಎಂದು ಹಳೆಯ ಮಕ್ಕಳು ಶುರುವಿಟ್ಟವು.

‘ತಡೀರಿ. ಮಗ್ಗಿ ಆಗ್ಲಿ.’

ಮಗ್ಗಿ ಆಯಿತು. ಪಾವಿನವನ ಹಾರ್ನು ಮಳೆಯಲ್ಲಿ ಎಲ್ಲೋ ದೂರದಿಂದ ಕೇಳಿಸಿತು. ‘ಈಗ ಕತಿ!’ ‘ತಡೀರಿ, ಮಳಿ ಸ್ವಲ್ಪ ಕಡಿಮಿ ಆಗ್ಲಿ’ ಎಂದೆ. ಮಳೆ ಜೋರಾಗಿದ್ದಾಗಲೇ ಹೇಳಬೇಕಾದ ಕತೆಗೆ ಇಂಥ ನೆಪ ಹೇಳಿದ್ದು ಅದೇ ಮೊದಲು. ಮಕ್ಕಳು ನನ್ನನ್ನು ವಿಚಿತ್ರವಾಗಿ ನೋಡಿದವು. ಇನ್ನು ತಡೆಯಲು ಆಗುವುದಿಲ್ಲ ಎಂದು ನೆಲದ ಮೇಲೆ ಕೂತೆ. ಮಕ್ಕಳು ಸರಿದು ಸರಿದು ಬಂದು ಸೆರಗು ಹಿಡಿದವು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಸಿಮೆಂಟು ಚೀಲದ ಒಂದು ಕೊಪ್ಪೆ ನಿಂತಿತ್ತು. ಕೊಪ್ಪೆಯೊಳಗೆ ಎರಡು ತಲೆ. ಕೆಳಗಿನ ತಲೆಗೆ ಹಸಿರು ರಿಬ್ಬನ್ನು.

‘ಕತಿ ಆತೇನ್ರಿ?’ ಎಂದಳು ಹುಡುಗಿ. ಮೊದಲು ಕೇಳಿದ್ದೇ ಅದು.

‘ಇನ್ನೂ ಇಲ್ಲ’ ಎಂದೆ. ನನಗೆ ಅಳು ಬಂತು. ಮಕ್ಕಳ ಮುಂದೆ ಅಕ್ಕೋರು ಅಳಬಾರದೆಂದು ಸುಮ್ಮನೆ ಮೂಗು ಒರೆಸಿಕೊಂಡೆ.

‘ತಡ ಆತ್ರಿ ಅಕ್ಕೋರ’ ಎಂದಳು ಅವ್ವ. ‘ಒಳಗ ನೀರ ನುಗ್ಗಿತ್ತು. ಸಿಮೆಂಟ್ ಚೀಲ ಎಲ್ಲಾ ಮ್ಯಾಲ ಎತ್ತಿಟ್ಟು ಬಂದ್ವಿ. ಈ ಮಳಿಗಾಲ ಕಾಯಾಕ ನಾವ ಇರ್ತೇವಂತ ಹೇಳೇನಿ. ಇಕಿ ಅಪ್ಪ ಒಬ್ಬನ ಊರಿಗೆ ಹೋಗ್ಯಾನ.’

‘ಪಂಚಮಿ?’

‘ನಮ್ಮಣ್ಣಗ ಹೇಳಿ ಕಳಿಸೇನ್ರಿ, ಈ ವರ್ಸ ಕರಿಯಾಕ ಬರಬ್ಯಾಡ ಅಂತ.’ ಇಷ್ಟು ಹೇಳಿ ಹೊರಗಿನ ಮಳೆ ನೋಡುತ್ತ ನಿಂತಳು.

ಹುಡುಗಿ ಎಲ್ಲರನ್ನೂ ದಾಟಿ ಬಂದು ನನ್ನ ಎದುರಿಗೇ ಕೂತಳು. ಅವ್ವನಿಗೆ ಹೋಗಬೇಕೆಂದರೆ ಮಳೆ ಬಿಡುತ್ತಿರಲಿಲ್ಲ. ಹೊಸ್ತಿಲ ಬಳಿ ಕೊಪ್ಪೆ ಕಳಚಿಟ್ಟು ಕುಕ್ಕರುಗಾಲಲ್ಲಿ ಕೂತಳು. ನಾನು ಶುರುಮಾಡಿದೆ. ಇಂಥದ್ದೇ ಒಂದು ಮಳೆ. ಎಮ್ಮೆ ಮುಂದೆ, ಕರು ಹಿಂದೆ. ಮಳೆ ಎಷ್ಟು ದಟ್ಟವೆಂದರೆ ಕರುವಿಗೆ ತಾಯಿಯ ಬಾಲ ಕಾಣಲಿಲ್ಲ, ಆಮೇಲೆ ತಾಯಿಯೇ ಕಾಣಲಿಲ್ಲ. ಹಂಚಿನ ಮೇಲಿನ ಸದ್ದಿಗೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಮಕ್ಕಳು ಇನ್ನೂ ಹತ್ತಿರ ಸರಿದವು. ಒದ್ದೆ ಕೂದಲು, ಹೊಸ ಪುಸ್ತಕ, ಯಾರದೋ ಡಬ್ಬಿಯ ಉಪ್ಪಿನಕಾಯಿ, ಎಲ್ಲದರ ವಾಸನೆ ಒಂದಾಯಿತು. ಹುಡುಗಿಯ ಬಾಯಿ ಸ್ವಲ್ಪ ತೆರೆದಿತ್ತು. ನಾನು ಹೇಳುತ್ತಿದ್ದ ಒಂದೊಂದು ಮಾತೂ ಅವಳ ಮುಖದ ಮೇಲೆ ನಡೆದು ಹೋಗುವುದು ಕಾಣುತ್ತಿತ್ತು.

ಕರು ಹಳ್ಳದ ದಂಡೆಗೆ ಬಂತು. ಅವ್ವ ಎಂದು ಕೂಗಿತು. ಬಾಯಾರಿ, ನೀರಿಗೆ ಮುಖ ಹಾಕಿತು. ಅಷ್ಟರಲ್ಲಿ ನಾನು ಕಣ್ಣೆತ್ತಿ ನೋಡಿದರೆ ಹೊಸ್ತಿಲು ಖಾಲಿ. ಹುಡುಗಿಯ ಅವ್ವ ಮಾತು ಕೇಳಿಸದೆ ಒಂದೊಂದೇ ಗೇಣು ಸರಿಯುತ್ತ ಸರಿಯುತ್ತ ಒಳಗೆ ಬಂದುಬಿಟ್ಟಿದ್ದಳು. ಕೊನೆಯ ಸಾಲಿನ ಮಗುವಿನ ಮೊಳಕಾಲಿಗೆ ಅವಳ ಮೊಳಕಾಲು ತಾಗಿತ್ತು. ಸಿಮೆಂಟಿಗೆ ಬಿರಿದ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವು ಕೆಲಸವಿಲ್ಲದೆ ಇದ್ದುದನ್ನು ನಾನು ಆವತ್ತೇ ನೋಡಿದ್ದು.

‘ಕರು ನೀರಿನ್ಯಾಗಿಂದ ತಲಿ ಎತ್ತಿತು’ ಎಂದೆ. ‘ಎತ್ತಿದ್ರ, ಕೊರಳಾಗ ಒಂದು ಗಂಟಿ.’

ಅಲ್ಲಿಗೆ ನಿಲ್ಲಿಸಿದೆ. ಹುಡುಗಿ ಉದ್ದಕ್ಕೆ ಉಸಿರು ಬಿಟ್ಟಳು. ಎಷ್ಟೋ ದಿನ ಹೊತ್ತದ್ದನ್ನು ಇಳಿಸಿದವರು ಬಿಡುವ ಉಸಿರು ಅದು.

ಕೋಣೆಯ ಹಿಂದಿನಿಂದ ದೊಡ್ಡವರ ದನಿಯೊಂದು ಬಂತು. ‘ಯಾರದ್ರಿ ಅದು ಗಂಟಿ?’

ಮಕ್ಕಳೆಲ್ಲ ತಿರುಗಿ ನೋಡಿದವು. ಅವ್ವನಿಗೆ ನಾಚಿಕೆಯಾಗಿ ಸೆರಗು ಬಾಯಿಗೆ ಹೋಯಿತು. ಆದರೂ ಕಣ್ಣು ನನ್ನ ಮೇಲೇ ಇತ್ತು. ನಾನು ಏನೋ ಅನ್ನುವ ಮೊದಲೇ ಹುಡುಗಿ ಎದ್ದು ನಿಂತಳು. ಗಂಟೆ ಯಾರದೆಂದು ಅವಳಿಗೆ ಗೊತ್ತಿತ್ತು. ಒಂದಲ್ಲ, ಎರಡು ಏಪ್ರಿಲ್‌ಗಳಲ್ಲಿ ಕೇಳಿದ್ದಳು. ಈಗ ಮೊದಲೂ ಗೊತ್ತು, ಕೊನೆಯೂ ಗೊತ್ತು. ಇಡೀ ಕತೆ ಅವಳ ಕೈಯಲ್ಲಿತ್ತು.

‘ಹೇಳಂಗಿಲ್ಲ ಯವ್ವಾ’ ಎಂದಳು. ‘ಹಂಗ ನಡಕ ಹೇಳಬಾರದು. ನಾಳಿ ಬಾ.’

ನಾನು ಕೇಳಬೇಕಾದ್ದನ್ನು ಕೇಳಿದೆ. ‘ಉಳಿದದ್ದು?’

‘ನಾಳಿ ಬರ್ತೇವ್ರಿ!’ ಎಂದು ಮಕ್ಕಳೆಲ್ಲ ಹಂಚು ಹಾರುವಂತೆ ಕೂಗಿದವು. ಆ ಕೂಗು ಮುಗಿದು ಮತ್ತೆ ಮಳೆಯ ಸದ್ದು ಕೇಳಿಸುವ ಮೊದಲು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಸೆರಗಿನ ಹಿಂದಿನಿಂದ ಅವ್ವ ಹೇಳಿದಳು, ‘ನಾಳಿ ಬರ್ತೇನ್ರಿ.’